ಕಾರ್ಗಿಲ್‌ನಲ್ಲಿ ಅಮೆರಿಕ ಜಿಪಿಎಸ್ ಕೊಡ್ಲಿಲ್ಲ ಅನ್ನೋದು ನಿಜಾನಾ? ನಮ್ಮ ನಾವಿಕ್ ಯುದ್ಧಕ್ಕೆ ಸಾಕಾ?

ತಿಪಟೂರ್_ತೆಂಗು
ಆಫೀಸಲ್ಲಿ ಊಟದ ಹೊತ್ತಿಗೆ ಜಗಳ ಶುರುವಾಗಿ ಇನ್ನೂ ಮುಗಿದಿಲ್ಲ, ಅದಕ್ಕೆ ಇಲ್ಲಿ ಹಾಕ್ತಿದೀನಿ. ಒಬ್ಬ ಹೇಳ್ತಾನೆ 1999ರಲ್ಲಿ ಕಾರ್ಗಿಲ್ ಟೈಮಲ್ಲಿ ನಾವು ಅಮೆರಿಕದ ಹತ್ರ ಜಿಪಿಎಸ್ ಡೇಟಾ ಕೇಳಿದ್ವಿ, ಅವರು ಆಗಲ್ಲ ಅಂದ್ರು, ಆ ಅವಮಾನಕ್ಕೇ ಇಸ್ರೋ ನಾವಿಕ್ ಅನ್ನೋ ನಮ್ಮದೇ ಜಿಪಿಎಸ್ ಥರದ ಉಪಗ್ರಹ ವ್ಯವಸ್ಥೆ ಮಾಡ್ತು ಅಂತ. ಇನ್ನೊಬ್ಬ ಅದೆಲ್ಲಾ ವಾಟ್ಸಾಪ್ ಕಥೆ, ಜಿಪಿಎಸ್ ಸಿಗ್ನಲ್ ಮಳೆ ಥರ ಎಲ್ಲರ ತಲೆ ಮೇಲೂ ಬೀಳತ್ತೆ, ಕೊಡೋದು ಬಿಡೋದು ಏನಿದೆ ಅಂತಾನೆ. ನಂಗೆ ಎರಡು ಪ್ರಶ್ನೆ. ಕಾರ್ಗಿಲ್ ಕಥೆ ಎಷ್ಟು ನಿಜ? ಮತ್ತೆ ಇವತ್ತು ಯುದ್ಧ ಆದ್ರೆ ನಮ್ಮ ವಿಮಾನ, ಕ್ಷಿಪಣಿ ಎಲ್ಲಾ ನಾವಿಕ್ ನಂಬ್ಕೊಂಡು ಹೋಗೋಕೆ ಆಗತ್ತಾ? ಗೊತ್ತಿರೋರು ಹೇಳಿ, ಬರೀ ದೇಶಭಕ್ತಿ ಭಾಷಣ ಬೇಡ.

ಬರೀ_ಪ್ರಶ್ನೆ
ಬಂತಪ್ಪಾ ವರ್ಷಕ್ಕೊಂದ್ಸಲ ಬರೋ ಕಾರ್ಗಿಲ್ ಜಿಪಿಎಸ್ ಪೋಸ್ಟು.

ಗದಗಿನ_ಗಾಳಿ
ಕಥಿ ಅಲ್ರಿ ಅದು, ಖರೇನ ಐತಿ. ಎಲ್ಲಾ ಪೇಪರ್‌ದಾಗ ಬಂದೈತಿ. ಅವ್ರು ಕೊಡಲಿಲ್ಲ ಅಂತನ ನಾವು ನಮ್ಮದು ಮಾಡ್ಕೊಂಡಿವಿ.

ರಡಾರ್_ರಾಜಣ್ಣ
ವಾಯುಪಡೇಲಿ ನೆಲದ ಮೇಲಿನ ಕೆಲಸ ಮಾಡಿ ರಿಟೈರ್ ಆದವನು ನಾನು. ಪೇಪರ್‌ನಲ್ಲಿ ಬಂದಿದ್ದೆಲ್ಲ ಖರೆ ಆಗಿದ್ರೆ ನಮ್ಮ ಪೆನ್ಷನ್ ಯಾವತ್ತೋ ಡಬಲ್ ಆಗಿರ್ತಿತ್ತು.

ಒಂದ್ ವಿಷಯ ಯಾರೂ ಹೇಳಲ್ಲ, ಅದನ್ನ ಹೇಳ್ತೀನಿ. ಕಾರ್ಗಿಲ್‌ನಲ್ಲಿ ಮಿಗ್ ಹಾರಿಸ್ತಿದ್ದ ನಮ್ಮ ಹುಡುಗರು ಅಂಗಡೀಲಿ ಸಿಗೋ ಕೈಯಲ್ಲಿ ಹಿಡ್ಕೊಳ್ಳೋ ಜಿಪಿಎಸ್ ಸೆಟ್ಟನ್ನ ಕಾಕ್‌ಪಿಟ್ ಒಳಗೆ ಇಟ್ಕೊಂಡು, ಜೊತೆಗೆ ಸ್ಟಾಪ್‌ವಾಚ್ ಹಿಡ್ಕೊಂಡು ಬಾಂಬ್ ಹಾಕಿದಾರೆ. ಆಮೇಲೆ ಬಂದ ಬರಹಗಳಲ್ಲೆಲ್ಲ ಇದು ಇದೆ. ಅಂದ್ಮೇಲೆ ಜಿಪಿಎಸ್ ಪೂರ್ತಿ ಬಂದ್ ಆಗಿತ್ತು ಅನ್ನೋದು ಹೇಗೆ ಸರಿ ಹೋಗತ್ತೆ ನೀವೇ ಹೇಳಿ. ಟೈಗರ್ ಹಿಲ್ ಮೇಲೆ ಮಿರಾಜ್ 2000 ಹಾಕಿದ್ದು ಲೇಸರ್ ಬಾಂಬ್, ವಿಮಾನಕ್ಕೆ ಕಟ್ಟಿರೋ ಲೈಟ್ನಿಂಗ್ ಪಾಡ್ ಅನ್ನೋ ಉಪಕರಣದಿಂದ ಗುರಿ ತೋರಿಸಿ ಹಾಕಿದ್ದು. ಅದಕ್ಕೆ ಜಿಪಿಎಸ್ ಬೇಕಾಗೇ ಇರ್ಲಿಲ್ಲ.

ತಿಪಟೂರ್_ತೆಂಗು
ಹಂಗಾದ್ರೆ ಕಥೆ ಸುಳ್ಳು?

ಸಿಗ್ನಲ್_ಸಿಂಗಾರಿ
ಪೂರ್ತಿ ಸುಳ್ಳೂ ಅಲ್ಲ. ಆಗ ಜಿಪಿಎಸ್‌ನಲ್ಲಿ ಎರಡು ದರ್ಜೆ ಇತ್ತು, ಈಗ್ಲೂ ಇದೆ. ಒಂದು ಎಲ್ಲರಿಗೂ ಸಿಗೋದು, ಇನ್ನೊಂದು ಅಮೆರಿಕದ ಮಿಲಿಟರಿ ಕೋಡ್, ಬೀಗದ ಕೈ ಇದ್ದವರಿಗೆ ಮಾತ್ರ. ಎಲ್ಲರಿಗೂ ಸಿಗೋದ್ರಲ್ಲಿ ಬೇಕಂತಲೇ ತಪ್ಪು ಸೇರಿಸ್ತಿದ್ರು, ಅದಕ್ಕೆ ಸೆಲೆಕ್ಟಿವ್ ಅವೈಲಬಿಲಿಟಿ ಅಂತ ಹೆಸರು. ಹೆಚ್ಚುಕಮ್ಮಿ 100 ಮೀಟರ್ ಆಚೀಚೆ ತೋರಿಸೋದು. ಅದನ್ನ ಕ್ಲಿಂಟನ್ ತೆಗೆಸಿದ್ದು 2000ದ ಮೇ ತಿಂಗಳಲ್ಲಿ, ಅಂದ್ರೆ ಕಾರ್ಗಿಲ್ ಮುಗಿದು ಒಂದು ವರ್ಷದ ಹತ್ರ. 16-17 ಸಾವಿರ ಅಡಿ ಎತ್ತರದ ಕಡಿದಾದ ಗುಡ್ಡದ ಅಂಚಲ್ಲಿ ಕೂತಿರೋ ಬಂಕರ್‌ಗೆ 100 ಮೀಟರ್ ಆಚೀಚೆ ಆದ್ರೆ ಬಾಂಬ್ ಹೋಗಿ ಕಣಿವೇಲಿ ಬೀಳತ್ತೆ. ಹಾಗಾಗಿ ಸಿಗ್ನಲ್ ಇತ್ತು, ನಿಖರತೆ ಇರ್ಲಿಲ್ಲ. ನಾವು ಕೇಳಿದ್ದಿದ್ರೆ ಆ ನಿಖರತೇನ ಕೇಳಿರ್ತೀವಿ, ಅವರು ಕೊಡದೇ ಇದ್ದಿದ್ದೂ ಅದನ್ನೇ ಇರಬೇಕು ಅನ್ನೋದು ನನ್ನ ಲೆಕ್ಕ.

ಬರೀ_ಪ್ರಶ್ನೆ
"ಇರಬೇಕು". ಅಂದ್ರೆ ದಾಖಲೆ ಇಲ್ಲ.

ಸಿಗ್ನಲ್_ಸಿಂಗಾರಿ
ನನ್ನ ಲೆಕ್ಕ ಅಂತಾನೇ ಬರ್ದಿದೀನಲ್ಲ ಸ್ವಾಮಿ, ಪೂರ್ತಿ ಓದಿ.

ಜರ್ಮನಿ_ಜೋಯಿಸ
ಇದೇ ಕಥೆ ಚೀನಾದಲ್ಲೂ ಇದೆ ಗೊತ್ತಾ. 1993ರಲ್ಲಿ ಯಿನ್ಹೆ ಅನ್ನೋ ಅವರ ಹಡಗು ಇರಾನ್ ಕಡೆ ಹೋಗ್ತಿದ್ದಾಗ ರಾಸಾಯನಿಕ ಅಸ್ತ್ರದ ಸಾಮಾನು ಇದೆ ಅಂತ ಅಮೆರಿಕ ತಡೀತು, ತಪಾಸಣೆ ಮಾಡಿದಾಗ ಏನೂ ಸಿಗ್ಲಿಲ್ಲ. ಆಗ ಹಡಗಿನ ಜಿಪಿಎಸ್ ಆಫ್ ಮಾಡಿದ್ರು ಅಂತ ಚೀನಾದವರು ಹೇಳ್ತಾರೆ. 1996ರಲ್ಲಿ ತೈವಾನ್ ಹತ್ರ ಕ್ಷಿಪಣಿ ಹಾರಿಸಿದಾಗ್ಲೂ ಜಿಪಿಎಸ್ ಕೈ ಕೊಡ್ತು ಅಂತ ಹೇಳ್ತಾರೆ. ಅವರ ಸ್ವಂತ ನ್ಯಾವಿಗೇಶನ್ ಉಪಗ್ರಹ ವ್ಯವಸ್ಥೆ ಬೈದೌ ಹುಟ್ಟಿದ ಕಥೆ ಅದು. ಯೂರೋಪಿನವರಿಗೆ ಯುದ್ಧದ ಕಥೆ ಇಲ್ಲ, ಆದ್ರೂ ಅಂಥದ್ದೇ ಗೆಲಿಲಿಯೋ ಮಾಡ್ಕೊಂಡ್ರು. ಸ್ವಂತದ್ದು ಬೇಕು ಅನ್ನೋದಕ್ಕೆ ಅವಮಾನದ ಕಥೆ ಬೇಕೇಬೇಕು ಅಂತಿಲ್ಲ. ಆದ್ರೆ ದುಡ್ಡು ಮಂಜೂರು ಮಾಡ್ಸೋಕೆ ಅನುಕೂಲ ಆಗತ್ತೆ ಬಿಡಿ.

ಗದಗಿನ_ಗಾಳಿ
ನೋಡ್ರಿ, ಚೀನಾಕ್ಕೂ ಮಾಡ್ಯಾರ ಅಂದ್ರ ನಮಗೂ ಮಾಡಿರತಾರ. ಬೇಕಂದಾಗ ಒಂದ ಜಾಗಾಕ್ಕ ಮಾತ್ರ ಬಂದ್ ಮಾಡೂ ತಾಕತ್ತು ಅವ್ರಿಗಿ ಐತಿಲ್ಲೋ?

ಸಿಗ್ನಲ್_ಸಿಂಗಾರಿ
ಇದೆ, ಅದನ್ನ ಅವರು ಮುಚ್ಚಿಟ್ಟೂ ಇಲ್ಲ. 2000ದಲ್ಲಿ ತಪ್ಪು ಸೇರಿಸೋದು ನಿಲ್ಲಿಸಿದಾಗಲೇ, ಬೇಕಾದ್ರೆ ಒಂದು ಪ್ರದೇಶಕ್ಕೆ ಮಾತ್ರ ಸಿಗ್ನಲ್ ಸಿಗದ ಹಾಗೆ ಮಾಡೋ ಶಕ್ತಿ ನಮಗಿದೆ ಅಂತ ಹೇಳ್ಕೊಂಡಿದ್ರು. ಹಾಗಾಗಿ ಕಾರ್ಗಿಲ್ ಕಥೆ ನಿಜಾನೋ ಸುಳ್ಳೋ, ಭಯ ಅಂತೂ ನಿಜವಾದ್ದೇ.

ಹಾಸನ್_ಹೈದ
ಕಾರ್ಗಿಲ್ ಬಿಡಿ ಕಣ್ರೀ, ಎರಡನೇ ಪ್ರಶ್ನೆಗೆ ಬನ್ನಿ, ಅಸಲಿ ನೋವು ಅಲ್ಲಿರೋದು. ನಮ್ಮೂರಲ್ಲಿ ಸಾಲಗಾಮೆ ರಸ್ತೇಲಿ ಎಂಸಿಎಫ್ ಇದೆ, 1982ರಿಂದ ಉಪಗ್ರಹ ಕಾಯೋ ಜಾಗ, ನಾವು ಸ್ಕೂಲಿಗೆ ಹೋಗೋವಾಗ ಆ ದೊಡ್ಡ ಡಿಶ್ ನೋಡ್ಕೊಂಡೇ ಬೆಳೆದಿದ್ದು. ಅದಕ್ಕೇ ಈ ಸುದ್ದಿ ಬಂದ್ರೆ ಹೊಟ್ಟೆ ಉರಿಯತ್ತೆ.

ಲೆಕ್ಕ ನೋಡಿ. 2006ರಲ್ಲಿ ಯೋಜನೆಗೆ ಮಂಜೂರಾತಿ. 2013ರ ಜುಲೈ 1ಕ್ಕೆ ಮೊದಲ ಉಪಗ್ರಹ 1ಎ ಹೋಯ್ತು. 2016ರ ಏಪ್ರಿಲ್‌ಗೆ ಏಳನೇದು ಹೋಗಿ ಸೆಟ್ ಪೂರ್ತಿ ಆಯ್ತು, ಮೋದಿ ನಾವಿಕ್ ಅಂತ ಹೆಸರಿಟ್ರು. ಸಂಭ್ರಮ ಮುಗಿಯೋಷ್ಟರಲ್ಲಿ 1ಎ ಒಳಗಿದ್ದ ಮೂರೂ ರುಬಿಡಿಯಂ ಗಡಿಯಾರ (ತೀರಾ ನಿಖರ ಸಮಯ ಹೇಳೋ ಪರಮಾಣು ಗಡಿಯಾರ) ಕೆಟ್ಟೋದ್ವು. ಅವು ಹೊರಗಿಂದ ತರ್ಸಿದ್ದು. ಬದಲಿಗೆ 1ಎಚ್ ಕಳ್ಸಿದ್ರು, 2017ರ ಆಗಸ್ಟ್ 31, ರಾಕೆಟ್ ತುದೀಲಿರೋ ಶಾಖದ ಕವಚ ಬಿಚ್ಕೊಳ್ಳಲೇ ಇಲ್ಲ, ಉಪಗ್ರಹ ಅದರೊಳಗೇ ಸಿಕ್ಕಾಕೊಂಡು ಹೋಯ್ತು. ಪಿಎಸ್‌ಎಲ್‌ವಿ ಅಂಥ ನಂಬಿಕಸ್ತ ರಾಕೆಟ್ಟು! 2018ರಲ್ಲಿ 1ಐ ಸರಿಯಾಗಿ ಹೋಯ್ತು. 2023ರ ಮೇನಲ್ಲಿ ಮುಂದಿನ ಉಪಗ್ರಹ ಎನ್‌ವಿಎಸ್-01, ಅದರಲ್ಲಿ ನಮ್ಮದೇ ಗಡಿಯಾರ, ಅಹಮದಾಬಾದಿನ ಸ್ಪೇಸ್ ಅಪ್ಲಿಕೇಶನ್ಸ್ ಸೆಂಟರ್‌ನಲ್ಲಿ ಮಾಡಿದ್ದು. ಸದ್ಯ ಅಂತ ಉಸಿರು ಬಿಟ್ವಿ. 2025ರ ಜನವರಿ 29ಕ್ಕೆ ಎನ್‌ವಿಎಸ್-02, ಶ್ರೀಹರಿಕೋಟಾದ ನೂರನೇ ಉಡಾವಣೆ, ರಾಕೆಟ್ ತನ್ನ ಕೆಲಸ ಸರಿಯಾಗೇ ಮಾಡ್ತು, ಆಮೇಲೆ ಉಪಗ್ರಹದ ಎಂಜಿನ್‌ಗೆ ಆಕ್ಸಿಡೈಸರ್ (ಇಂಧನ ಉರಿಯೋಕೆ ಬೇಕಾದ್ದು) ಬಿಡೋ ವಾಲ್ವ್ ತೆರ್ಕೊಳ್ಳಲಿಲ್ಲ. ಸುತ್ತಬೇಕಾದ ಕಕ್ಷೆಗೆ ಹೋಗ್ಲೇ ಇಲ್ಲ.

2025ರ ಜುಲೈನಲ್ಲಿ ಸಂಸತ್ತಲ್ಲಿ ಸರ್ಕಾರ ಕೊಟ್ಟ ಉತ್ತರದ ಪ್ರಕಾರ ಕಳ್ಸಿದ 11ರಲ್ಲಿ ಜಾಗ ಮತ್ತು ಸಮಯ ಹೇಳೋವು 4 ಮಾತ್ರ. ಇನ್ನೊಂದು 4 ಬರೀ ಸಂದೇಶ ಪ್ರಸಾರಕ್ಕೆ. ಕಮ್ಮಿ ಅಂದ್ರೂ 4 ಬೇಕು ಲೆಕ್ಕ ಬಿಡ್ಸೋಕೆ. ಅಂದ್ರೆ ಒಂದು ಹೋದ್ರೂ ಕಥೆ ಮುಗೀತು.

ಕಾಫಿ_ಕಷಾಯ
ಗಡಿಯಾರ ಕೆಟ್ರೆ ಉಪಗ್ರಹಾನೇ ವೇಸ್ಟಾ? ಟೈಮ್ ನೆಲದಿಂದ ಕಳ್ಸಿದ್ರೆ ಆಗಲ್ವಾ? ದಡ್ಡ ಪ್ರಶ್ನೆ ಆದ್ರೆ ಕ್ಷಮಿಸಿ.

ಸಿಗ್ನಲ್_ಸಿಂಗಾರಿ
ದಡ್ಡ ಪ್ರಶ್ನೆ ಅಲ್ಲ. ಉಪಗ್ರಹ ಮಾಡೋದು ಇಷ್ಟೇ, "ನಾನು ಇಂಥ ಕಡೆ ಇದೀನಿ, ಈಗ ಸಮಯ ಇಷ್ಟು" ಅಂತ ಕೂಗ್ತಾ ಇರತ್ತೆ. ಸಿಗ್ನಲ್ ಬರೋಕೆ ಎಷ್ಟೊತ್ತು ಆಯ್ತು ಅನ್ನೋದ್ರಿಂದ ರಿಸೀವರ್ ದೂರ ಲೆಕ್ಕ ಹಾಕತ್ತೆ. ಬೆಳಕು ಒಂದು ನ್ಯಾನೋ ಸೆಕೆಂಡಿಗೆ 30 ಸೆಂಟಿಮೀಟರ್ ಹೋಗತ್ತೆ. ಗಡಿಯಾರ ಒಂದು ಮೈಕ್ರೋ ಸೆಕೆಂಡ್ ತಪ್ಪಿದ್ರೆ ನೆಲದ ಮೇಲೆ 300 ಮೀಟರ್ ಎಡವಟ್ಟು. ನಾಲ್ಕು ಯಾಕೆ ಅಂದ್ರೆ ನಮ್ಮ ರಿಸೀವರ್‌ನ ಗಡಿಯಾರ ಅಗ್ಗದ್ದು, ಅದರ ತಪ್ಪೂ ಒಂದು ಅಜ್ಞಾತ, ಹಾಗಾಗಿ ಉದ್ದ ಅಗಲ ಎತ್ತರದ ಜೊತೆ ಅದನ್ನೂ ಕಂಡ್ಹಿಡೀಬೇಕು.

ನೆಲದಿಂದ ತಿದ್ದುಪಡಿ ಕಳಿಸ್ತಾರೆ, ನಾವಿಕ್‌ನ ಮೂಲ ಸಮಯ ಇರೋದು ಬೆಂಗಳೂರು ಹತ್ರ ಇಸ್ರೋದ ಬ್ಯಾಲಾಳು ಕೇಂದ್ರದಲ್ಲೇ. ಆದ್ರೆ ಎರಡು ತಿದ್ದುಪಡಿ ಮಧ್ಯೆ ಉಪಗ್ರಹದ ಗಡಿಯಾರ ತಾನಾಗೇ ನೆಟ್ಟಗೆ ನಡೀಬೇಕು. ಅದು ಹೋದ್ರೆ ಮೆಸೇಜ್ ಕಳ್ಸೋಕೆ ಬರತ್ತೆ, ದಾರಿ ತೋರ್ಸೋಕೆ ಬರಲ್ಲ.

ಕುಡ್ಲದ_ಕೋಳಿ
ಬ್ಯಾಲಾಳು ಅಂದ್ರೆ ಚಂದ್ರಯಾನಕ್ಕೆ 32 ಮೀಟರಿನ ದೊಡ್ಡ ಆಂಟೆನಾ ಹಾಕಿದ್ದು ಅಲ್ಲಿ ಅಲ್ವಾ ಮಾರಾಯ್ರೆ? ಮೈಸೂರು ರೋಡಲ್ಲಿ ಹೋಗುವಾಗ ಕಾಣ್ತದಾ ಅದು?

ಕಾಫಿ_ಕಷಾಯ
ರೋಡಿಂದ ಕಾಣಲ್ಲ, ಒಳಗಿದೆ. ಆ ಕಡೆ ಹೋದ್ರೆ ಬಿಡದೀಲಿ ತಟ್ಟೆ ಇಡ್ಲಿ ತಿನ್ಕೊಂಡು ಬನ್ನಿ, ಅದಕ್ಕೆ ನ್ಯಾವಿಗೇಶನ್ ಬೇಡ, ವಾಸನೆ ಸಾಕು.

ಬರೀ_ಪ್ರಶ್ನೆ
ಇಡ್ಲಿ ಬಂತು. ಚರ್ಚೆ ಮುಗೀತು.

ಗದಗಿನ_ಗಾಳಿ
ನಾವಿಕ್ ಇಲ್ಲಂದ್ರ ಗಗನ್ ಐತೆಲ್ರಿ. ಅದೂ ನಮ್ದ.

ಮೋಡದ_ಮೇಲೆ
ಗಗನ್ ಬೇರೆ, ನಾವಿಕ್ ಬೇರೆ. ಕಮರ್ಷಿಯಲ್ ಪೈಲಟ್ ಆಗಿ ಹೇಳ್ತೀನಿ, ಎಲ್ಲರೂ ಇದನ್ನ ಕಲಸುಮೇಲೋಗರ ಮಾಡ್ತಾರೆ. ಗಗನ್ ಜಿಪಿಎಸ್‌ನ ತಿದ್ದೋ ವ್ಯವಸ್ಥೆ. ಜಿಪಿಎಸ್ ಹೇಳಿದ್ರಲ್ಲಿ ಎಷ್ಟು ತಪ್ಪಿದೆ, ನಂಬಬಹುದಾ ಅಂತ ನೆಲದ ಸ್ಟೇಷನ್‌ಗಳು ಅಳೆದು, ಭೂಸ್ಥಿರ ಉಪಗ್ರಹದ ಮೂಲಕ ವಿಮಾನಕ್ಕೆ ಹೇಳ್ತವೆ. ಮೂಲ ಜಿಪಿಎಸ್ಸೇ ಹೋದ್ರೆ ಗಗನ್ ತಿದ್ದೋಕೆ ಏನೂ ಉಳಿಯಲ್ಲ. ಆದ್ರೆ ಕೆಲಸದ ವಸ್ತು, ಅದರಲ್ಲಿ ಅನುಮಾನ ಇಲ್ಲ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋ ವಿಮಾನ ಗಗನ್ ಹಿಡ್ಕೊಂಡು ಇಳೀತು, ಐಎಲ್‌ಎಸ್ (ನೆಲದಿಂದ ರೇಡಿಯೋ ಮೂಲಕ ಇಳಿಯೋ ದಾರಿ ತೋರ್ಸೋ ಉಪಕರಣ) ಇಲ್ಲದ ಸಣ್ಣ ಏರ್‌ಪೋರ್ಟ್‌ಗಳಿಗೆ ವರದಾನ.

ಕಾಫಿ_ಕಷಾಯ
ಗಗನ್‌ನ ಮುಖ್ಯ ಕಂಟ್ರೋಲ್ ಸೆಂಟರ್ ನಮ್ಮ ಕುಂದಲಹಳ್ಳೀಲಿ ಇರೋದು. ಇಡೀ ದೇಶದ ವಿಮಾನಕ್ಕೆ ದಾರಿ ತೋರ್ಸೋ ಜಾಗದ ಪಕ್ಕದಲ್ಲೇ ನಾನು ದಿನಾ ಒಂದೇ ಸಿಗ್ನಲ್‌ನಲ್ಲಿ ನಿಂತಿರ್ತೀನಿ, ಮ್ಯಾಪ್‌ನಲ್ಲಿ ಪೂರ್ತಿ ಕೆಂಪು.

ಮೋಡದ_ಮೇಲೆ
😂 ಸರಿ, ವಿಷಯಕ್ಕೆ ಬರ್ತೀನಿ. ಯುದ್ಧ ಅಂದ್ರೆ ಉಪಗ್ರಹ ಎಷ್ಟಿದೆ ಅನ್ನೋದು ಅರ್ಧ ಪ್ರಶ್ನೆ, ಸಿಗ್ನಲ್‌ಗೆ ಯಾರಾದ್ರೂ ಕೈ ಹಾಕಿದ್ರೆ ಏನು ಅನ್ನೋದು ಇನ್ನರ್ಧ. ಅದು ನಮಗೆ ಶಾಂತಿ ಕಾಲದಲ್ಲೇ ಅನುಭವಕ್ಕೆ ಬರ್ತಿದೆ. ಅಮೃತಸರ, ಜಮ್ಮು ಕಡೆ ಜಿಪಿಎಸ್‌ಗೆ ಅಡ್ಡಿ ಆಗಿದ್ದು 2023ರ ನವೆಂಬರ್‌ನಿಂದ 2025ರ ಫೆಬ್ರವರಿ ಒಳಗೆ 465 ಸಲ ಅಂತ ಸರ್ಕಾರವೇ ಲೋಕಸಭೆಗೆ ಹೇಳಿದೆ. 2025ರ ನವೆಂಬರ್‌ನಲ್ಲಿ ದೆಹಲಿ ಏರ್‌ಪೋರ್ಟ್ ಹತ್ರಾನೇ ಸ್ಪೂಫಿಂಗ್, ಅಂದ್ರೆ ನಕಲಿ ಸಿಗ್ನಲ್ ಬಿಡೋದು, ಆಯ್ತು.

ಜಾಮಿಂಗ್, ಅಂದ್ರೆ ಗದ್ದಲ ಎಬ್ಬಿಸಿ ಸಿಗ್ನಲ್ ಮುಚ್ಚೋದು, ಆದ್ರೆ ಜಿಪಿಎಸ್ ಇಲ್ಲ ಅಂತ ಪರದೆ ಮೇಲೆ ಬರತ್ತೆ, ಸರಿ, ಹಳೇ ಪದ್ಧತಿಗೆ ಹೋಗ್ತೀವಿ. ಸ್ಪೂಫಿಂಗ್ ಕಿರಿಕಿರಿ. ಎಲ್ಲಾ ಸರಿಯಾಗಿದೆ ಅಂತಾನೇ ತೋರಿಸ್ತಾ ನಿಧಾನಕ್ಕೆ ಬೇರೆ ಕಡೆ ಎಳ್ಕೊಂಡು ಹೋಗತ್ತೆ. ಒಂದ್ಸಲ ಪಶ್ಚಿಮ ಏಷ್ಯಾ ಮೇಲೆ ಹಾರ್ತಿದ್ದಾಗ ಕಾಕ್‌ಪಿಟ್ ಗಡಿಯಾರ ಇದ್ದಕ್ಕಿದ್ದಂಗೆ ಬೇರೆ ಟೈಮ್ ತೋರಿಸ್ತು, ಸ್ವಲ್ಪ ಹೊತ್ತಿಗೆ 36 ಸಾವಿರ ಅಡಿ ಎತ್ತರದಲ್ಲಿ "ಪುಲ್ ಅಪ್, ಪುಲ್ ಅಪ್" ಅಂತ ನೆಲ ಹತ್ರ ಇದೆ ಅನ್ನೋ ಎಚ್ಚರಿಕೆ. ಪಕ್ಕದಲ್ಲಿದ್ದವರು ನಕ್ಕರು, ನಾನೂ ನಕ್ಕೆ, ಆದ್ರೆ ಇಳಿಯೋ ಹೊತ್ತಲ್ಲಿ ಇದೇ ಎಚ್ಚರಿಕೆ ಬಂದ್ರೆ ನಿಜಾನೋ ಸುಳ್ಳೋ ಅಂತ ಒಂದು ಕ್ಷಣ ಯೋಚನೆ ಮಾಡ್ಬೇಕಾಗತ್ತಲ್ಲ, ಆ ಕ್ಷಣ ನಮ್ಮ ಹತ್ರ ಇರಲ್ಲ.

ಕುಡ್ಲದ_ಕೋಳಿ
ಅಬ್ಬಾ. ಇನ್ನು ಫ್ಲೈಟ್ ಹತ್ತುವಾಗ ಇದು ನೆನಪಾಗ್ತದೆ, ಥ್ಯಾಂಕ್ಸ್ ಹಾಂ.

ತಿಪಟೂರ್_ತೆಂಗು
ಅಷ್ಟು ಸುಲಭಕ್ಕೆ ಹೇಗೆ ಕೆಡಿಸ್ತಾರೆ? ಉಪಗ್ರಹದ ಸಿಗ್ನಲ್ ಅಂದ್ರೆ ಸ್ಟ್ರಾಂಗ್ ಇರಲ್ವಾ?

ಸಿಗ್ನಲ್_ಸಿಂಗಾರಿ
ಏನೇನೂ ಇಲ್ಲ. ಒಂದು ವ್ಯಾಟನ್ನ ಕೋಟಿ ಕೋಟಿ ಭಾಗ ಮಾಡಿ, ಅದರಲ್ಲೊಂದು ಚೂರನ್ನ ಮತ್ತೆ ನೂರು ಭಾಗ ಮಾಡಿದ್ರೆ ಎಷ್ಟೋ, ಅಷ್ಟು ಮಾತ್ರ ಜಿಪಿಎಸ್ ನಮ್ಮ ಆಂಟೆನಾಗೆ ತಲುಪೋದು. ಅದು ಬರ್ತಿರೋದು 20 ಸಾವಿರ ಕಿಲೋಮೀಟರ್ ಮೇಲಿಂದ, ನಾವಿಕ್ ಇನ್ನೂ ದೂರ, 36 ಸಾವಿರ. ಜಾತ್ರೇಲಿ ಮೈಕ್ ಸೆಟ್ ಪಕ್ಕ ನಿಂತು ದೂರದವರ ಪಿಸುಮಾತು ಕೇಳಿಸ್ಕೊಂಡಂಗೆ. ಅದಕ್ಕೇ ಸಣ್ಣ ಜಾಮರ್ ಸಾಕು.

ಸೈನ್ಯಕ್ಕೆ ನಾವಿಕ್‌ನಲ್ಲಿ ಬೇರೆ ಗುಪ್ತ ಸೇವೆ ಇದೆ, ಕೋಡ್ ಬೀಗ ಹಾಕಿರೋದು. ಅದರಿಂದ ಸ್ಪೂಫಿಂಗ್ ಕಷ್ಟ ಆಗತ್ತೆ, ಯಾಕಂದ್ರೆ ಶತ್ರುಗೆ ಆ ಥರದ ನಕಲಿ ಸಿಗ್ನಲ್ ಹುಟ್ಟಿಸೋಕೆ ಬರಲ್ಲ. ಆದ್ರೆ ಜಾಮಿಂಗ್ ತಪ್ಪಲ್ಲ, ಗದ್ದಲಕ್ಕೆ ಬೀಗದ ಕೈ ಬೇಡ. ಅದಕ್ಕೆ ಬೇಕಾಗಿರೋದು ಬೇರೆ ಥರದ ಆಂಟೆನಾ, ಸಿಆರ್‌ಪಿಎ ಅಂತಾರೆ. ನಾಲ್ಕೋ ಎಂಟೋ ಸಣ್ಣ ಆಂಟೆನಾ ಸೇರ್ಸಿ, ಜಾಮರ್ ಯಾವ ದಿಕ್ಕಲ್ಲಿದೆ ನೋಡ್ಕೊಂಡು ಆ ದಿಕ್ಕಿಗೆ ಮಾತ್ರ ಕಿವಿ ಮುಚ್ಕೊಳ್ಳೋದು. ಯುಕ್ರೇನ್ ಮೇಲೆ ಬರೋ ರಷ್ಯಾದ ಡ್ರೋನ್‌ಗಳಲ್ಲಿ ಸಿಕ್ಕಿರೋ ಕೊಮೆಟಾ ಅನ್ನೋದು ಇದೇ.

ಜರ್ಮನಿ_ಜೋಯಿಸ
ಯುಕ್ರೇನ್ ಅಂದ್ರಲ್ಲ, ಅಲ್ಲಿಂದ ಕಲಿಯೋದು ಬಹಳ ಇದೆ. ಎಕ್ಸ್‌ಕ್ಯಾಲಿಬರ್ ಅಂತ ಅಮೆರಿಕದ 155 ಎಂಎಂ ಫಿರಂಗಿ ಗುಂಡು, ಜಿಪಿಎಸ್ ಹಿಡ್ಕೊಂಡು ಹೋಗಿ ಬೀಳೋದು. ಶುರುವಲ್ಲಿ ಅದ್ಭುತ ಅಂದ್ರು. ರಷ್ಯಾದವರು ಜಾಮರ್ ಹಾಕಿದ ಮೇಲೆ ಗುರಿಗೆ ಬೀಳೋದು ಎಷ್ಟು ಕಮ್ಮಿ ಆಯ್ತಂದ್ರೆ ಯುಕ್ರೇನಿನವರು ಬಳಸೋದೇ ಬಿಟ್ರು ಅಂತ 2024ರಲ್ಲಿ ಅಮೆರಿಕದ ಪತ್ರಿಕೆಗಳೇ ಬರೆದ್ವು. ಜಗತ್ತಿನ ಅತಿ ದೊಡ್ಡ ನ್ಯಾವಿಗೇಶನ್ ವ್ಯವಸ್ಥೆ ಇದ್ದವರ ಗತಿ ಇದು. ಉಪಗ್ರಹ ನಾಲ್ಕಿದ್ರೂ ಅಷ್ಟೇ ಮೂವತ್ತಿದ್ರೂ ಅಷ್ಟೇ.

ಹಾಸನ್_ಹೈದ
ಅಷ್ಟೇ ಅಲ್ಲ ಜೋಯಿಸ್ರೆ. ಮೂವತ್ತಿದ್ರೆ ಒಂದೆರಡು ಸತ್ರೂ ಗೊತ್ತಾಗಲ್ಲ. ನಾಲ್ಕಿದ್ದು ಒಂದು ಸತ್ರೆ ಶತ್ರು ಜಾಮರ್ ತರೋ ಖರ್ಚೂ ಉಳೀತು.

ರಡಾರ್_ರಾಜಣ್ಣ
ಇಬ್ರೂ ಒಂದು ಮರೀತಿದೀರ. ಕ್ಷಿಪಣಿ ಉಪಗ್ರಹದ ಮೇಲೆ ನಡೆಯೋದಲ್ಲ, ಐಎನ್‌ಎಸ್ ಮೇಲೆ ನಡೆಯೋದು. ತಿರುಗೋದನ್ನ ಅಳೆಯೋ ಗೈರೋ, ವೇಗ ಬದಲಾಗೋದನ್ನ ಅಳೆಯೋ ಆಕ್ಸಿಲರೋಮೀಟರ್ ಇಟ್ಕೊಂಡು, ಎಲ್ಲಿಂದ ಹೊರಟೆ, ಎಷ್ಟು ತಿರುಗಿದೆ, ಎಷ್ಟು ವೇಗ ಹೆಚ್ಚಾಯ್ತು ಅಂತ ಒಳಗೇ ಕೂಡ್ತಾ ಹೋಗೋದು. ಹೊರಗಿನ ಯಾವ ಸಿಗ್ನಲ್ಲೂ ಬೇಡ, ಯಾರಪ್ಪನಿಗೂ ಜಾಮ್ ಮಾಡೋಕೆ ಆಗಲ್ಲ. ತೊಂದ್ರೆ ಏನಂದ್ರೆ ಸಣ್ಣ ತಪ್ಪು ಸೇರ್ತಾ ಸೇರ್ತಾ ದೊಡ್ಡದಾಗತ್ತೆ, ವಿಮಾನದ ಒಳ್ಳೇ ಐಎನ್‌ಎಸ್ ಕೂಡ ಗಂಟೆಗೆ ಒಂದು ನಾಟಿಕಲ್ ಮೈಲಿ ಹತ್ರ ಜಾರತ್ತೆ. ಆ ಜಾರೋದನ್ನ ಆಗಾಗ ಸರಿ ಮಾಡೋಕೆ ಉಪಗ್ರಹ. ಬ್ರಹ್ಮೋಸ್ ಥರದ್ದು ಕೆಲವೇ ನಿಮಿಷದಲ್ಲಿ ಗುರಿ ಮುಟ್ಟತ್ತೆ, ಅಷ್ಟೊತ್ತಲ್ಲಿ ಜಾರೋದು ಕಮ್ಮಿ. ನಿಧಾನಕ್ಕೆ ಬಹಳ ಹೊತ್ತು ಹಾರೋ ನಿರ್ಭಯ್ ಕ್ಷಿಪಣಿ, ಡ್ರೋನು, ಇವಕ್ಕೆ ಕಷ್ಟ. ನಿರ್ಭಯ್ ಮಾಡಿದ್ದು ನಮ್ಮ ಬೆಂಗಳೂರಿನ ಎಡಿಇ ಅನ್ನೋ ಡಿಆರ್‌ಡಿಓ ಲ್ಯಾಬು, 2013ರ ಮೊದಲ ಪರೀಕ್ಷೇಲಿ ದಾರಿ ತಪ್ಪಿ ಮಧ್ಯದಲ್ಲೇ ನಿಲ್ಲಿಸ್ಬೇಕಾಯ್ತು, 2014ರಲ್ಲಿ ಸರಿ ಹೋಯ್ತು.

ನನ್ನ ಕೇಳಿದ್ರೆ ದುಡ್ಡು ಹಾಕ್ಬೇಕಾಗಿರೋದು ಗೈರೋಗೆ. ಹೈದರಾಬಾದಿನ ಆರ್‌ಸಿಐ ಅನ್ನೋ ಡಿಆರ್‌ಡಿಓ ಲ್ಯಾಬು ರಿಂಗ್ ಲೇಸರ್ ಗೈರೋ ಮಾಡತ್ತೆ, ತಿರುವನಂತಪುರದಲ್ಲಿ ಇದೇ ಕೆಲಸಕ್ಕೆ ಇಸ್ರೋದ ಐಐಎಸ್‌ಯು ಇದೆ. ಆ ಹೆಸರು ಯಾರಿಗೂ ಗೊತ್ತಿಲ್ಲ, ಟಿವೀಲಿ ಬರಲ್ಲ, ಹೊಗೆ ಬೆಂಕಿ ಇಲ್ವಲ್ಲ.

ಬರೀ_ಪ್ರಶ್ನೆ
ಹಾಗಾದ್ರೆ ನಾವಿಕ್ ಯಾಕೆ ಬೇಕು? ಗೈರೋ ಸಾಕಲ್ಲ.

ರಡಾರ್_ರಾಜಣ್ಣ
ಊರೂರು ತಿರುಗೋ ಟ್ಯಾಂಕ್, ಕಾಡಲ್ಲಿ ಕಾಲ್ನಡಿಗೆ ಗಸ್ತು, ಫಿರಂಗಿ, ಹಡಗು, ರೇಡಿಯೋಗಳ ಸಮಯ ಹೊಂದಾಣಿಕೆ, ಇದಕ್ಕೆಲ್ಲ ತಲೆಗೊಂದು ರಿಂಗ್ ಲೇಸರ್ ಗೈರೋ ಕೊಡ್ತೀರಾ? ನಿಮ್ಮನೆ ದುಡ್ಡಾ?

ತಿಪಟೂರ್_ತೆಂಗು
ಉಪಗ್ರಹ ಕಮ್ಮಿ ಇದ್ರೆ ನೆಲದ ಮೇಲೆ ಟವರ್ ಹಾಕಿ ಅದರಿಂದಲೇ ಅದೇ ಥರ ಸಿಗ್ನಲ್ ಬಿಟ್ರೆ ಆಗಲ್ವಾ?

ಸಿಗ್ನಲ್_ಸಿಂಗಾರಿ
ಆಗತ್ತೆ, ಮಾಡಿದಾರೆ ಕೂಡ, ಅದೂ ಕರ್ನಾಟಕದಲ್ಲೇ. ಸ್ಯೂಡೋಲೈಟ್ ಅಂತ. 2023ರ ಏಪ್ರಿಲ್ 2ಕ್ಕೆ ಚಳ್ಳಕೆರೆ ಹತ್ರದ ಡಿಆರ್‌ಡಿಓ ಪರೀಕ್ಷಾ ರನ್‌ವೇಲಿ ಇಸ್ರೋದ ರೆಕ್ಕೆ ಇರೋ ಮರುಬಳಕೆ ವಾಹನನ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಎತ್ಕೊಂಡು ಹೋಗಿ ಬಿಡ್ತು, ಅದು ತಾನಾಗೇ ಬಂದು ಇಳೀತು. ಅದರಲ್ಲಿ ನಾವಿಕ್ ರಿಸೀವರ್, ನೆಲದ ಸ್ಯೂಡೋಲೈಟ್, ಎತ್ತರ ಅಳೆಯೋ ರಡಾರ್ ಆಲ್ಟಿಮೀಟರ್, ಐಎನ್‌ಎಸ್ ಎಲ್ಲಾ ಸೇರ್ಸಿ ಕೆಲಸ ಮಾಡಿದ್ದು. ನನ್ನ ಪ್ರಕಾರ ಮಿಲಿಟರಿಗೆ ದಾರಿ ಇದೇ, ಯಾವುದೋ ಒಂದನ್ನೇ ನಂಬದೇ ಇರೋದು. ಆದ್ರೆ ಸ್ಯೂಡೋಲೈಟ್ ಒಂದು ರನ್‌ವೇ ಸುತ್ತ ಸರಿ, ಗಡಿ ಆಚೆ ಹೋಗಿ ಟವರ್ ನೆಡೋಕಾಗಲ್ಲ.

ಹಾಸನ್_ಹೈದ
ಇನ್ನೊಂದು, ಗುಡ್ಡಗಾಡು. ಲಡಾಖ್ ಕಡೆಯಿಂದ ನೋಡಿದ್ರೆ ನಾವಿಕ್‌ನ ಪೂರ್ವ ಪಶ್ಚಿಮ ತುದೀಲಿರೋ ಉಪಗ್ರಹಗಳು ದಿಗಂತದಿಂದ 20-30 ಡಿಗ್ರಿ ಮೇಲೆ ಮಾತ್ರ ಇರ್ತವೆ. ಕಣಿವೇಲಿ ಕೂತವನಿಗೆ ಬೆಟ್ಟ ಅಡ್ಡ. ಯಾವ ಕಾರ್ಗಿಲ್ ಹೆಸರು ಹೇಳ್ಕೊಂಡು ಮಾಡಿದ್ವೋ ಅದೇ ಕಣಿವೇಲಿ ಇದು ಸಮಸ್ಯೆ. ಏಳೂ ನೆಟ್ಟಗಿದ್ರೆ ಹೇಗೋ ನಡೀತಿತ್ತು.

ಗದಗಿನ_ಗಾಳಿ
ನಿಮ್ಮ ಮಾತ ಕೇಳಿದ್ರ ಇಸ್ರೋದವ್ರು ಏನೂ ಮಾಡಿಲ್ಲ ಅನ್ನೂ ಹಂಗ ಐತಿ. ಪೀಣ್ಯಾದ ಶೆಡ್‌ನ್ಯಾಗ ಆರ್ಯಭಟ ಕಟ್ಟಿದ ಮಂದಿ ಅದಾರ. ನಮ್ಮ ಉಡುಪಿ ಕಡಿ ಯು.ಆರ್. ರಾವ್ ಅವ್ರು ನಿಂತು ಮಾಡ್ಸಿದ್ದು, 1975ರಾಗ. ಗಡಿಯಾರ ನಮ್ದ ಮಾಡ್ಕೊಂಡ್ವಿ ಅನ್ನೂದು ಸಣ್ಣ ಮಾತಲ್ಲ. ಅಂಥ ಗಡಿಯಾರ ಎಷ್ಟು ದೇಶದಾಗ ಮಾಡ್ತಾರ ಹೇಳ್ರಿ?

ಹಾಸನ್_ಹೈದ
ಯಾರಣ್ಣ ಹಂಗಂದಿದ್ದು? ಎಂಜಿನಿಯರ್‌ಗಳ ಮೇಲೆ ಸಿಟ್ಟಿಲ್ಲ. ಹತ್ತು ವರ್ಷ ಆಯುಸ್ಸಿನ ಉಪಗ್ರಹ 2013-14ರಲ್ಲಿ ಕಳ್ಸಿದ್ಮೇಲೆ 2023-24ಕ್ಕೆ ಬದಲಿ ಬೇಕು ಅನ್ನೋದು ಯಾರಿಗೂ ಗೊತ್ತಿರೋ ಲೆಕ್ಕ. 2018ರಿಂದ 2023ರ ತನಕ ನಾವಿಕ್‌ನ ಒಂದೇ ಒಂದು ಉಪಗ್ರಹ ಹೋಗಿಲ್ಲ. ಕೊರೋನಾ ಅಂತ ಎರಡು ವರ್ಷ ಬಿಡಿ, ಉಳಿದಿದ್ದು? ಚೀನಾ 2020ಕ್ಕೆ ಬೈದೌ ಜಗತ್ತಿಗೆಲ್ಲ ಮುಗಿಸ್ತು, ಅದರ ಮಿಲಿಟರಿ ಸೇವೆ ಪಾಕಿಸ್ತಾನಕ್ಕೂ ಕೊಟ್ಟಿದೆ ಅಂತಾರೆ. ನಾವು ಬದಲಿ ಕಳ್ಸೋದನ್ನೇ ಪ್ರತಿ ಸಲ ಹೊಸ ಹಬ್ಬದ ಥರ ಮಾಡ್ತೀವಿ.

ಕುಡ್ಲದ_ಕೋಳಿ
ಇದು ಪಾಯಿಂಟ್ ಉಂಟು. ಮಾಡ್ಲಿಕ್ಕೆ ಬರ್ತದೆ, ಬಿಡದೆ ಮಾಡ್ಲಿಕ್ಕೆ ಬರೂದಿಲ್ಲ.

ಕಾಫಿ_ಕಷಾಯ
ನನ್ನ ಫೋನಲ್ಲಿ ನಾವಿಕ್ ಇದೆ ಅಂತ ಬಾಕ್ಸ್ ಮೇಲೆ ಬರೆದಿತ್ತು, ಆದ್ರೆ ಯಾವ ಉಪಗ್ರಹ ಸಿಗ್ತಿದೆ ಅಂತ ತೋರ್ಸೋ ಜಿಎನ್‌ಎಸ್‌ಎಸ್ ಆಪ್‌ನಲ್ಲಿ ಒಂದೋ ಎರಡೋ ಕಾಣತ್ತೆ, ಅದೂ ಮನೆ ಹೊರಗೆ ಬಂದ್ರೆ. ಮೋಸಾನಾ?

ಸಿಗ್ನಲ್_ಸಿಂಗಾರಿ
ಮೋಸ ಅಲ್ಲ. ಹಳೇ ನಾವಿಕ್ ಬರ್ತಿದ್ದಿದ್ದು ಎಲ್5 ಮತ್ತೆ ಎಸ್ ಬ್ಯಾಂಡ್ ಅನ್ನೋ ರೇಡಿಯೋ ಆವರ್ತನಗಳಲ್ಲಿ. ಕಮ್ಮಿ ಬೆಲೆ ಫೋನ್ ಚಿಪ್‌ಗಳು ಎಲ್1 ಮಾತ್ರ ಕೇಳ್ತವೆ. ಎನ್‌ವಿಎಸ್-01ರಿಂದ ಎಲ್1 ಕೂಡ ಸೇರ್ಸಿದಾರೆ, ಆದ್ರೆ ಅಂಥದ್ದು ಮೇಲೆ ಸರಿಯಾಗಿ ಕೂತಿರೋದು ಅದೊಂದೇ. ನಿಮ್ಮ ಫೋನ್ ಹೇಗೂ ಜಿಪಿಎಸ್, ರಷ್ಯಾದ ಗ್ಲೋನಾಸ್, ಗೆಲಿಲಿಯೋ, ಬೈದೌ ಎಲ್ಲಾ ಸೇರ್ಸಿ ಲೆಕ್ಕ ಹಾಕತ್ತೆ.

ಬರೀ_ಪ್ರಶ್ನೆ
ಅಂದ್ರೆ ನಾನು ಚೀನಾ ಉಪಗ್ರಹ ನೋಡ್ಕೊಂಡು ಧರ್ಮಸ್ಥಳಕ್ಕೆ ಹೋಗ್ತಿದೀನಾ?

ಸಿಗ್ನಲ್_ಸಿಂಗಾರಿ
ಹೌದು. ಚಾರ್ಮಾಡಿ ಘಾಟಲ್ಲಿ ಆಕಾಶ ಕಾಣೋದೇ ಕಮ್ಮಿ, ಆಗ ಸಿಕ್ಕಿದ್ದೆಲ್ಲಾ ಬೇಕು.

ಮೋಡದ_ಮೇಲೆ
ಎಸ್ ಬ್ಯಾಂಡ್ ಅಂದ್ರಲ್ಲ, ಅದು ಯಾಕೆ ಇಟ್ಟಿದ್ದು? ಜಿಪಿಎಸ್, ಗೆಲಿಲಿಯೋ ಅದನ್ನ ಬಳಸಲ್ವಲ್ಲ.

ಸಿಗ್ನಲ್_ಸಿಂಗಾರಿ
ಅಯಾನುಗೋಳಕ್ಕೆ, ಅಂದ್ರೆ ವಾತಾವರಣದ ಮೇಲ್ಗಡೆ ಇರೋ, ಸಿಗ್ನಲ್‌ನ ತಡ ಮಾಡೋ ವಿದ್ಯುತ್ ಕಣಗಳ ಪದರಕ್ಕೆ. ನಮ್ಮ ದೇಶ ಇರೋ ಅಕ್ಷಾಂಶದಲ್ಲಿ ಅದರ ಕಾಟ ಜಾಸ್ತಿ, ಸಂಜೆ ಮೇಲಂತೂ ಸಿಗ್ನಲ್ ಹೊಯ್ದಾಡತ್ತೆ. ಎರಡು ಬೇರೆ ಬೇರೆ ಆವರ್ತನ ಇದ್ರೆ ಎರಡೂ ಎಷ್ಟೆಷ್ಟು ತಡ ಆದ್ವು ಅಂತ ಹೋಲಿಸಿ ಅಯಾನುಗೋಳದ ತಪ್ಪನ್ನ ಕಳೀಬಹುದು. ಎಲ್5 ಇರೋದು 1176 ಮೆಗಾಹರ್ಟ್ಸ್‌ನಲ್ಲಿ, ಎಸ್ 2492ರಲ್ಲಿ, ಅಷ್ಟು ಅಂತರ ಇರೋದ್ರಿಂದ ಲೆಕ್ಕ ಚೆನ್ನಾಗಿ ಬರತ್ತೆ.

ಕಾಫಿ_ಕಷಾಯ
2492 ಅಂದ್ರೆ ವೈಫೈ ಪಕ್ಕದಲ್ಲೇ ಅಲ್ವಾ? ನಮ್ಮನೆ ರೂಟರ್ 2.4 ಗಿಗಾಹರ್ಟ್ಸ್.

ಸಿಗ್ನಲ್_ಸಿಂಗಾರಿ
ಪಕ್ಕದ ಮನೇನೇ. ವೈಫೈ 2483 ಹತ್ರ ನಿಲ್ಲತ್ತೆ. ಫಿಲ್ಟರ್ ಚೆನ್ನಾಗಿಲ್ಲ ಅಂದ್ರೆ ಗಲಾಟೆ ಒಳಗೆ ಬರತ್ತೆ, ಫೋನ್ ಮಾಡೋರು ಎಸ್ ಬ್ಯಾಂಡ್ ಮುಟ್ಟದೇ ಇರೋಕೆ ಅದೂ ಒಂದು ಕಾರಣ.

ರಡಾರ್_ರಾಜಣ್ಣ
ಅಂದ್ರೆ ಶತ್ರು ಜಾಮರ್ ತರೋದೇ ಬೇಡ, ನಮ್ಮ ಮೆಸ್ಸಿನ ವೈಫೈ ಸಾಕು ಅನ್ನಿ.

ಸಿಗ್ನಲ್_ಸಿಂಗಾರಿ
ಮಿಲಿಟರಿ ರಿಸೀವರ್ ಫಿಲ್ಟರ್ ಅಷ್ಟು ಕಳಪೆ ಇರಲ್ಲ ಸಾರ್ 😄 ಆದ್ರೆ ಕೆಲವು ಡ್ರೋನ್‌ಗಳ ರಿಮೋಟ್ ಲಿಂಕ್ ಕೂಡ 2.4ರಲ್ಲೇ ಇರತ್ತೆ, ಅದರ ಆಂಟೆನಾ ಪಕ್ಕದಲ್ಲೇ ನಾವಿಕ್ ಎಸ್ ಬ್ಯಾಂಡ್ ಆಂಟೆನಾ ಇಟ್ರೆ ನಿಜವಾಗ್ಲೂ ತಲೆನೋವು. ಅದಕ್ಕೆ ಬೇರೆ ಪೋಸ್ಟ್ ಹಾಕಿ, ಇಲ್ಲೇ ಶುರು ಮಾಡಿದ್ರೆ ಮುಗಿಯಲ್ಲ.